ಗಿರಣಿ ಮಾಮಾನ ರೇಸ್ ಕಾರು

ಮೊನ್ನೆ ಪುಣೆ ರಸ್ತೆಯ ಬದಿಯ ಹಳೆಯ ಮೋಟಾರುಗಳ ಮ್ಯೂಸಿಯಮ್ಮಿಗೆ ಹೋಗಿದ್ದೆ. ಅಲ್ಲಿ ಕಾರುಗಳನ್ನು ರಿಪೇರಿ ಮಾಡುವ ಶೆಡ್ಡಿಗೂ ಜನರನ್ನು ಬಿಡುತ್ತಾರೆ. ಸಾಲಾಗಿ ನಿಂತ ರೇಸ್ ಕಾರುಗಳಲ್ಲಿ ಒಂದನ್ನು ಆಗಷ್ಟೇ ಚಾಲೂ ಮಾಡಿ ಆರಿಸಿದ್ದರು. ಸುಟ್ಟ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ ವಾಸನೆ; ಹಳೆಯ ರೇಸ್ ಇಂಜಿನ್ನುಗಳಿಗೆ ಅದನ್ನೇ ಹಾಕುತ್ತಿದ್ದರು. ನಿಮಗಾದರೆ ಬಾಲ್ಯದ ಹೊಟ್ಟೆನೋವು ನೆನಪಾಗುತ್ತಿತ್ತೇನೋ. ನನಗೆ ಚಚಡಿಯ ಶಂಕ್ರಪ್ಪ ಮಾಮಾ ನೆನಪಾದ. ಆ ಕಾರು ಅವನ ಮನೆಯಿಂದಲೇ ಬಂದದ್ದು.

ಮಾಮಾ, ಅಂದರೆ ನನ್ನ ತಾಯಿಯ ತಮ್ಮ, ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಜೋಳ ಬೀಸಲು ಬಂದವರು ಡಬ್ಬಿ ಇಟ್ಟು ಕುಳಿತರೆ ರೇಸಿನ ಕತೆ ಶುರು. ಗಿರಣಿಯ ಸದ್ದಿನಲ್ಲಿ ಅರ್ಧ ಕೇಳಿಸುತ್ತಿರಲಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಮದುವೆಗೆ ಮುಂಚೆ ಬೆಳಗಾವಿ ಕಡೆಯ ಬಯಲಿನಲ್ಲಿ ರೇಸು. ಸಾಹುಕಾರರ ಕಾರುಗಳನ್ನೆಲ್ಲ ಹಿಂದೆ ಹಾಕಿ ಇವನೇ ಮುಂದೆ. ಕಡೆಯ ಸುತ್ತಿನಲ್ಲಿ ಒಂದು ನಾಯಿ ಅಡ್ಡ ಬಂತು.

“ಬ್ರೇಕ್ ಒತ್ತಿದೆ ನೋಡ್ರಿ. ನಾಯಿ ಉಳೀತು, ರೇಸ್ ಹೋತು,” ಎಂದು ಹುಬ್ಬಿನ ಹಿಟ್ಟು ಒರೆಸಿಕೊಳ್ಳುತ್ತ ಏಳುತ್ತಿದ್ದ.

ಕಾರು ಮೇವಿನ ಕೊಟ್ಟಿಗೆಯಲ್ಲಿತ್ತು. ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನಾನು ಈ ಕತೆಯನ್ನು ತ್ಯಾಗದ ಉದಾಹರಣೆಯಾಗಿ ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ಹೇಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಮ್ಯೂಸಿಯಮ್ಮಿನವರು ಕಾರನ್ನು ಕೇಳಿಕೊಂಡು ಬಂದರು. ಒಮ್ಮೆ ಓಡಿಸಿ ಕೊಡುತ್ತೇನೆ ಎಂದ ಮಾಮಾ. ಟ್ರ್ಯಾಕ್ಟರಿಗೆ ಕಟ್ಟಿ ಕಿತ್ತೂರಿಗೆ, ಹೈವೇ ಪಕ್ಕದ ದಾವಲಸಾಬನ ಗ್ಯಾರೇಜಿಗೆ ಎಳೆದೊಯ್ದ. ದಾವಲಸಾಬ ಲಾರಿ ರಿಪೇರಿಯವನು. ತಿಂಗಳುಗಟ್ಟಲೆ ಒದ್ದಾಡಿದ. ಇಂಜಿನ್ನಿಗೆ ಔಡಲೆಣ್ಣೆಯೇ ಆಗಬೇಕೆಂದು ಮಾಮಾ ಹಟ ಹಿಡಿದಾಗ, “ಶಂಕ್ರಪ್ಪಣ್ಣಾರ, ಇದು ಗಾಡಿ ಐತೋ ಬಾಣಂತಿ ಐತೋ?” ಎಂದು ಕೇಳಿದನಂತೆ.

ಓಡಿಸುವ ದಿನ ನಾನೂ ಹೋದೆ, ಮಾಮಾನ ಹೆಂಡತಿ ಗೌರತ್ತಿಯೂ ಬಂದಳು. ಚಹಾದಂಗಡಿಯಲ್ಲಿದ್ದ ಲಾರಿಯವರೆಲ್ಲ ಸುತ್ತ ನೆರೆದರು. ಮಾಮಾ ಹೊಸ ರುಮಾಲು ಸುತ್ತಿ ಕಾರಿನಲ್ಲಿ ಕುಳಿತ. ದಾವಲಸಾಬ ಏನೋ ತೋರಿಸಿ ಹೇಳಲು ಬಗ್ಗಿದರೆ, “ನನಗ ಕಲಸ್ತೀಯೇನು?” ಎಂದ.

ಕ್ಲಚ್ ಬಿಟ್ಟೊಡನೆ ಕಾರು ತಾನಾಗಿಯೇ ಹೊರಟಿತು. ಅಂಗಳ ದಾಟಿ ಹೈವೇ ಕಡೆಗೆ ಇಳಿಯಿತು. ಅಲ್ಲಿ ಮಾಮಾ ಬ್ರೇಕಿಗಾಗಿ ನಡುವಿನ ಪೆಡಲ್ ಒತ್ತಿದ, ಜೀಪಿನಲ್ಲಿ ಒತ್ತುವ ಹಾಗೆ. ಕಾರು ನಿಲ್ಲಲಿಲ್ಲ, ಮುಂದಕ್ಕೆ ಜಿಗಿಯಿತು. ಅವನು ಇನ್ನೂ ಜೋರಾಗಿ ಒತ್ತಿದ. ಎದುರಿಗೆ ಕಬ್ಬಿನ ಲಾರಿ ಬರುತ್ತಿತ್ತು. ಗೌರತ್ತಿ ಸೆರಗು ಸಿಕ್ಕಿಸಿ ಪಕ್ಕದಲ್ಲೇ ಓಡಿದಳು.

“ನಡುವಿಂದು ಬಿಡ್ರಿ. ಅದು ಎಕ್ಸಲೇಟರ್. ಬಲಗಡೇದು ಒತ್ರಿ.”

ಡಾಂಬರಿನ ಅಂಚಿನಲ್ಲಿ ಕಾರು ನಿಂತಿತು. ಲಾರಿ ಹಾರ್ನ್ ಬಾರಿಸುತ್ತ ಹೋಯಿತು. ಮಾಮಾ ಇಂಜಿನ್ ಆರಿಸಿ, “ಭಾಳ ಕಾದೈತಿ, ಸಾಕು,” ಎಂದ. ಯಾರೂ ನಗಲಿಲ್ಲ.

ಊರಿಗೆ ಮರಳುವಾಗ ಬಸ್ಸಿನಲ್ಲಿ ಅತ್ತಿಯ ಪಕ್ಕ ಕುಳಿತೆ. ಮಾಮಾ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದ.

“ಅತ್ತಿ, ಬ್ರೇಕ್ ಎಲ್ಲೈತಿ ಅಂತ ನಿನಗ ಹೆಂಗ ಗೊತ್ತು?”

“ಅದು ನಮ್ಮಪ್ಪನ ಗಾಡಿ. ಇಂಗ್ಲಿಷ್ ಸಾಹೇಬರ ಡ್ರೈವರ್ ಇದ್ದ, ಅವರು ದೇಶ ಬಿಟ್ಟು ಹೋಗೋ ಮುಂದ ಕೊಟ್ಟು ಹೋದ್ರು. ತೊರಗಲ್ ಕೋಟೆ ಕೆಳಗಿನ ಬಯಲಾಗ ನನಗೂ ಕಲಿಸಿದ್ದ. ರೇಸಿಗೆ ಹೋದಾಂವನೂ ಅವನ.”

“ಮತ್ತ ಮಾಮಾ ಹೇಳೂದು?”

“ಮದುವಿ ಹೊಸದರಾಗ ನಾನ ಹೇಳಿದ್ದೆ. ಅವರಿಗೆ ಛಲೋ ಅನಿಸ್ತು. ಇಟ್ಕೊಂಡ್ರು.”

“ಸಿಟ್ಟು ಬರ್ಲಿಲ್ಲೇನು?”

“ಬರ್ತಿತ್ತು. ಬರಬರತ ಅವರು ಹೇಳೂದ ನನಗಿಂತ ಛಲೋ ಆತು.” ಕಿಟಕಿಯಾಚೆ ನೋಡುತ್ತ ಸೇರಿಸಿದಳು: “ಆದ್ರ ನಾಯಿ ಅವರದು. ನಮ್ಮಪ್ಪ ಗೆದ್ದಿದ್ದ.”

ನನಗೆ ಬಗೆಹರಿಯದೆ ಉಳಿದದ್ದು ಇದೇ. ಇನ್ನೊಬ್ಬರ ಗೆಲುವನ್ನು ತನ್ನದೆಂದು ಹೇಳಿಕೊಳ್ಳುವವನು ಅದನ್ನು ಸೋಲು ಯಾಕೆ ಮಾಡುತ್ತಾನೆ? ಪೂರ್ತಿ ಕದಿಯಲು ಮನಸ್ಸಾಗಲಿಲ್ಲವೋ, ಹೆಂಡತಿಯ ಅಪ್ಪನಷ್ಟು ದೊಡ್ಡವನಾಗಲು ಸಂಕೋಚವೋ, ಅಥವಾ ನಾಯಿಯನ್ನು ಉಳಿಸುವುದೇ ಅವನಿಗೆ ನಿಜವಾಗಿ ಬೇಕಿತ್ತೋ? ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ಅವನು ಗಿರಣಿಯಲ್ಲಿ ರೇಸಿನ ಮಾತೆತ್ತಲಿಲ್ಲ. “ಹೇಳ್ರಿ, ಜನ ಕೇಳಾಕ ಹತ್ಯಾರ,” ಎಂದು ಅತ್ತಿಯೇ ಒತ್ತಾಯಿಸಿದರೂ ಇಲ್ಲ. ಕಾರು ಹೋಯಿತು, ಕೆಲವು ವರ್ಷಗಳಲ್ಲಿ ಅವನೂ ಹೋದ. ನಾನು ಮಾತ್ರ ಕತೆಯನ್ನು ತರಗತಿಯಲ್ಲಿ ಹೇಗೆ ಹೇಳಬೇಕೆಂದು ತಿಳಿಯದೆ, ಹೇಳುವುದನ್ನೇ ಬಿಟ್ಟೆ.

ಮೊನ್ನೆ ಶೆಡ್ಡಿನ ಮೇಸ್ತ್ರಿ, ನಾನು ಚಚಡಿಯ ಆ ಮನೆಯ ಸಂಬಂಧಿ ಎಂದು ತಿಳಿದು ಖುಷಿಪಟ್ಟ. ಹೊಸ ಫಲಕ ಬರೆಸುತ್ತಿದ್ದರಂತೆ. “ರೇಸಿನಲ್ಲಿ ಓಡಿಸಿದವರ ಹೆಸರು ಏನಂತ ಹಾಕೋಣ?” ಎಂದು ಕೇಳಿದ.

ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಅತ್ತಿಯ ಅಪ್ಪನ ಹೆಸರು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೂ ಹೊರಗೆ ಬಂದು ಚಚಡಿಗೆ ಫೋನ್ ಹಚ್ಚಿದೆ. ಮೇಸ್ತ್ರಿ ಕೇಳಿದ್ದನ್ನು ಅತ್ತಿಗೆ ಹೇಳಿದೆ.

“ನಿನ್ನ ಮಾಮಾನ ಹೆಸರ ಬರಸು,” ಎಂದಳು. “ಗೆದ್ರು ಅಂತ ಬರಸು.”

“ಅತ್ತಿ, ಅವರು ನಾ ಸೋತೆ ಅಂತನ ಹೇಳ್ತಿದ್ರಲ್ಲ?”

“ಅವರು ಹೇಳ್ತಿದ್ರು. ಈಗ ನಾ ಹೇಳಾಕತ್ತೇನಿ.”

ಒಳಗೆ ಹೋಗಿ ಮೇಸ್ತ್ರಿಗೆ ಹಾಗೆಯೇ ಹೇಳಿದೆ. ಅವನು ಬರೆದುಕೊಂಡು, ಹೆಸರಿನ ಅಕ್ಷರ ಸರಿಯಿದೆಯೇ ಎಂದು ತೋರಿಸಿದ. ಸರಿಯಿತ್ತು. ಜೀವಮಾನವೆಲ್ಲ ಮಕ್ಕಳ ತಪ್ಪು ತಿದ್ದಿದ ನನಗೆ ಆ ಹೊತ್ತು ಒಂದಿಷ್ಟೂ ಅಳುಕಾಗಲಿಲ್ಲ. ಯಾಕೆ ಆಗಲಿಲ್ಲವೆಂದು ಬಸ್ಸಿಗೆ ಕಾಯುತ್ತ ಯೋಚಿಸಿದೆ. ಬಸ್ಸು ಬಂತು, ಹತ್ತಿದೆ.