ನೆರ್ಮಿನ್ ಆಂಟಿಗೆ ಬೇಕಾಗಿದ್ದ ಅಜ್ಜಿ

ನಿಂಬೆಯ ಕೊಲೋನ್ ವಾಸನೆ ಎಲ್ಲಾದರೂ ಮೂಗಿಗೆ ತಾಗಿದರೆ ಸಾಕು, ನಾನು ಕೊಲ್ಲಿ ದೇಶದ ಬರ್ಕಾ ಊರಿನ ಆ ಹಳದಿ ಕಟ್ಟಡದ ಮೆಟ್ಟಿಲ ಮೇಲಿರುತ್ತೇನೆ. ನಿಮಗೂ ಅಂಥದ್ದೊಂದು ವಾಸನೆ ಇದ್ದೀತು. ಎದುರುಮನೆಯ ನೆರ್ಮಿನ್ ಆಂಟಿ, ಯಾರೇ ಬರಲಿ, ಬಾಗಿಲಲ್ಲೇ ಅಂಗೈಗೆ ಆ ಪರಿಮಳದ ನೀರು ಸುರಿಯುತ್ತಿದ್ದರು. ನಮ್ಮಲ್ಲಿ ಕಾಲಿಗೆ ನೀರು ಕೊಡುವ ಹಾಗೆ ಟರ್ಕಿಯವರಲ್ಲಿ ಅದು ಮೊದಲ ಮರ್ಯಾದೆ. ಅವರ ಅಡುಗೆಮನೆಯಿಂದ ಬೆಣ್ಣೆಯಲ್ಲಿ ಹುರಿದ ಮೆಣಸಿನ ಘಮ, ನಮ್ಮದರಿಂದ ರೊಟ್ಟಿ ಬಡಿಯುವ ಸದ್ದು. ನಡುವೆ ನಾನು ಮತ್ತು ಅವರ ಮಗಳು ಎಲಿಫ್, ಇಬ್ಬರೂ ಒಂಬತ್ತು ವರ್ಷದವರು. ನಮ್ಮ ಅಪ್ಪಂದಿರು ರಸ್ತೆ ಕಟ್ಟುವ ಒಂದೇ ಕಂಪನಿಯಲ್ಲಿದ್ದರು.

ಕಚ್ಚಾ ತೈಲದ ಬೆಲೆ ನೆಲಕಚ್ಚಿದ ವರ್ಷಗಳವು. ಒಂದೊಂದೇ ರಸ್ತೆಯ ಕೆಲಸ ನಿಂತಿತು, ಕಟ್ಟಡದಲ್ಲಿದ್ದ ಉಳಿದ ಟರ್ಕಿ ಸಂಸಾರಗಳು ಗಂಟುಮೂಟೆ ಕಟ್ಟಿದವು. ಎಲಿಫ್ ತನ್ನ ದುಬಾರಿ ಶಾಲೆ ಬಿಟ್ಟು ನಮ್ಮ ಇಂಡಿಯನ್ ಸ್ಕೂಲಿಗೆ ಬಂದಳು. ಆರೇ ತಿಂಗಳಲ್ಲಿ ಹಿಂದಿ ಕಲಿತಳು, ನನ್ನಿಂದ ಒಂದಿಷ್ಟು ಧಾರವಾಡದ ಕನ್ನಡವನ್ನೂ. ತಾಯಿ ಟರ್ಕಿಯ ಮಾತಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ನಮಗದು ತಮಾಷೆ, ನೆರ್ಮಿನ್ ಆಂಟಿಗೆ ಮಗಳು ಕೈತಪ್ಪುತ್ತಿದ್ದಾಳೆಂಬ ಭಯ. ಹಬ್ಬದ ದಿನ ಮಕ್ಕಳು ಹಿರಿಯರ ಕೈಗೆ ಮುತ್ತಿಟ್ಟು, ಆ ಕೈಯನ್ನು ಹಣೆಗೊತ್ತಿಕೊಳ್ಳುವುದು ಅವರ ಪದ್ಧತಿ. ಪ್ರತಿ ವರ್ಷ ಅದಕ್ಕೆಂದೇ ಊರಿಗೆ ಹೋಗುತ್ತಿದ್ದರು. ಆ ವರ್ಷ ರಜೆ ಕೇಳುವ ಧೈರ್ಯ ಯಾರಿಗಿತ್ತು? ರಜೆಗೆ ಹೋದವರಿಗೆ ‘ವಾಪಸ್ ಬರಬೇಡಿ’ ಎಂಬ ಪತ್ರ ಊರಿಗೇ ಹೋಗುತ್ತಿತ್ತು. ಇಡೀ ಕಟ್ಟಡದಲ್ಲಿ ತಲೆ ನರೆತವಳೆಂದರೆ ವಿಸಿಟ್ ವೀಸಾದಲ್ಲಿ ಬಂದಿದ್ದ ನನ್ನ ಅಜ್ಜಿ, ಅಮ್ಮನ ತಾಯಿ, ಒಬ್ಬಳೇ.

ರಂಜಾನ್ ಹಬ್ಬದ ಬೆಳಿಗ್ಗೆ ನೆರ್ಮಿನ್ ಆಂಟಿ ಮಗಳಿಗೆ ಹೊಸ ಫ್ರಾಕು ತೊಡಿಸಿ ಕರೆತಂದರು. “ದೀದಿ, ಏಕ್ ದಾದಿ ಚಾಹಿಯೇ,” ಎಂದರು ಅಮ್ಮನಿಗೆ, ಕಟ್ಟಡದಲ್ಲಿ ಕಲಿತ ಅರೆಬರೆ ಹಿಂದಿಯಲ್ಲಿ. ಒಬ್ಬ ಅಜ್ಜಿ ಬೇಕು, ಅಷ್ಟೆ. ಅಜ್ಜಿ ಆಗಷ್ಟೇ ಪೂಜೆ ಮುಗಿಸಿ ಮಡಿಯಲ್ಲಿ ಕೂತಿದ್ದಳು. ಎಲಿಫ್ ಬಗ್ಗಿ ಅವಳ ಬಲಗೈಗೆ ತುಟಿ ಸೋಕಿಸಿದ್ದೇ ತಡ, ಅಜ್ಜಿ ಕೈ ಕಿತ್ತುಕೊಂಡಳು.

“ಎಂಜಲಾತಲ್ಲ. ಮಡೀಲಿದ್ದೀನಿ ನಾ.”

ಎಲಿಫ್‌ಗೆ ಆ ಮಾತು ಅರ್ಥವಾಯಿತು. ಅವಳು ಕಚ್ಚಿದ ಚಾಕಲೇಟು ಬೇಡವೆನ್ನುವಾಗ ‘ಎಂಜಲು’ ಎಂಬ ಶಬ್ದ ಕಲಿಸಿದವಳು ನಾನೇ. ಅಮ್ಮ ಗಡಿಬಿಡಿಯಲ್ಲಿ, ಕಾಲಿಗೆ ನಮಸ್ಕಾರ ಮಾಡಿದರೆ ಸಾಕು, ನಮ್ಮಲ್ಲಿ ಹಾಗೇ ಎಂದಳು. ನೆರ್ಮಿನ್ ಆಂಟಿ ಒಪ್ಪಲಿಲ್ಲ, ಹೋಗಲೂ ಇಲ್ಲ. ಮಗಳ ಹೆಗಲು ಹಿಡಿದು ಅಲ್ಲೇ ನಿಂತರು. ನಮ್ಮ ಹುಡುಗಿ ನಮ್ಮ ಹಾಗೇ ಮಾಡಬೇಕು, ಇದೂ ಬಿಟ್ಟರೆ ಅವಳು ಯಾರವಳು ಎಂದು ಕೇಳಿದರು. ಅಮ್ಮ ಅದನ್ನು ಕನ್ನಡದಲ್ಲಿ ಹೇಳಿದಳು.

“ಈಕಿ ಅಜ್ಜಿಗೆ ಎಷ್ಟು ಮಂದಿ ಮೊಮ್ಮಕ್ಕಳು?” ಎಂದಳು ಅಜ್ಜಿ.

“ಈಕಿ ಒಬ್ಬಾಕಿನ, ಅವ್ವಾ.”

ಅಜ್ಜಿ ನನ್ನತ್ತ ನೋಡಿದಳು. ನನ್ನ ಮುಖ ಕಾಣಲು ಅವಳೂ ಮೂರು ವರ್ಷ ಕಾದಿದ್ದಳು. “ಬಾ ಇಲ್ಲೆ, ಖೋಡಿ,” ಎಂದು ಮುದ್ದಿಗೆ ಬೈದು ಕೈ ಚಾಚಿದಳು. ಈಗ ಎಲಿಫ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಿಗಿದು ನಿಂತಳು. ಬೇಡವೆಂದವರ ಕೈ ಅವಳಿಗೇಕೆ? ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು, ತಾನೇ ನಾಲ್ಕು ಹೆಜ್ಜೆ ನಡೆದು ಹೋಗಿ ಅವಳೆದುರು ತನ್ನ ಕೈ ಚಾಚಿ ಹಿಡಿದಳು. ಎಷ್ಟೋ ಹೊತ್ತು ಹಿಡಿದೇ ಇದ್ದಳು. ಕೊನೆಗೆ ಎಲಿಫ್ ಮುತ್ತಿಟ್ಟು, ಹಣೆಗೊತ್ತಿಕೊಂಡಳು. ನೆರ್ಮಿನ್ ಆಂಟಿ ಅತ್ತುಬಿಟ್ಟರು.

ಅವರು ಹೋದ ಮೇಲೆ ಅಮ್ಮ ಕೇಳಿದಳು, “ಅವ್ವಾ, ಮತ್ತ ಸ್ನಾನಕ್ಕ ನೀರು ಕಾಸಲೇನು?”

“ಆಶೀರ್ವಾದ ಮಾಡಿದ ಕೈ ಯಾರರ ತೊಳೀತಾರೇನು? ಊಟಕ್ಕ ಎಲಿ ಹಾಕು.”

ಎರಡು ತಿಂಗಳಿಗೆ ಎಲಿಫ್ ಮನೆಯವರ ವೀಸಾ ರದ್ದಾಯಿತು. ಅಜ್ಜಿಯೂ ಊರಿಗೆ ಹೋದಳು, ನಮ್ಮಪ್ಪನಿಗೆ ದೂರದ ದುಕ್ಮ್ ಬಂದರಿನಲ್ಲಿ ಕೆಲಸ ಸಿಕ್ಕಿತು, ಆ ಮನೆಗಳಲ್ಲಿ ಈಗ ಯಾರಿದ್ದಾರೋ. ಅಜ್ಜಿ ತೀರಿಕೊಂಡಾಗ ನಾನು ಪರೀಕ್ಷೆ ಬರೆಯುತ್ತಿದ್ದೆ. ಅವಳ ಕಾಲಿಗೆ ನೂರು ಸಲ ಬಿದ್ದಿದ್ದೇನೆ. ಆ ಕೈಯನ್ನು ಮಾತ್ರ ಒಂದು ಸಲವೂ ಹಾಗೆ ಹಿಡಿದುಕೊಳ್ಳಲಿಲ್ಲ.