ತಂಗಿಯ ಎಲೆ

ನನ್ನ ತಂಗಿ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಅಂದಿನಿಂದ ಮಂಡ್ಯದ ನನ್ನ ಮನೆಯಲ್ಲಿ ಮಧ್ಯಾಹ್ನ ತಟ್ಟೆಯ ಮುಂದೆ ಕೂತರೆ ಸಾಕು, ಅಡುಗೆಮನೆ ಹೊಸ್ತಿಲ ಆಚೆ ಯಾರೋ ಬಂದು ನಿಂತಂತಾಗುತ್ತದೆ. ತಿರುಗಿ ನೋಡಿದರೆ ಇಲ್ಲ. ಡಾಕ್ಟರು ವಿಟಮಿನ್ ಬರೆದುಕೊಟ್ಟರು, ನುಂಗಿದೆ, ಏನೂ ಪ್ರಯೋಜನವಾಗಲಿಲ್ಲ. ಅವಳಿಗೆ ಹಸಿವು ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಅವಳಿಗೆ ಎಡೆ ಇಡುವವರು ಯಾರೂ ಇರಲಿಲ್ಲ. ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತ ಹಿರಿಯರಿಗೆ ಒಬ್ಬೊಬ್ಬರಿಗೂ ಬಾಳೆಎಲೆ ಹಾಕಿ, ಅವರವರಿಗೆ ಇಷ್ಟವಾದದ್ದು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತೇವೆ. ಒಳಗೆ ಅವರು ಉಣ್ಣುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು, ಉಣ್ಣುವವರನ್ನು ಬೆಚ್ಚಿಸಬಾರದಲ್ಲ. ನನ್ನ ತಂಗಿ ಮನೆಯವರ ಮಾತು ಮೀರಿ, ಮಳವಳ್ಳಿಯ ಆಚೆ ಬ್ಲಫ್ ಎಂಬಲ್ಲಿನ ಪವರ್ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಬೇರೆ ಜಾತಿಯವನನ್ನು ಮದುವೆಯಾಗಿ ಹೋದವಳು. ಅವನ ಮನೆತನದಲ್ಲಿ ಎಡೆಯ ಪದ್ಧತಿಯೇ ಇಲ್ಲ. ಈಗ ಅವನೂ ಇಲ್ಲ. ಮಕ್ಕಳಾಗಲಿಲ್ಲ.

ನಾವಿಬ್ಬರೂ ಕಾನ್ವೆಂಟಿನಲ್ಲಿ ಓದಿದವರು. ದುದ್ದದ ಹತ್ತಿರದ ಹಳ್ಳಿಯಿಂದ ಹೆಣ್ಣುಮಕ್ಕಳನ್ನು ಬೋರ್ಡಿಂಗಿಗೆ ಕಳಿಸಿದ್ದಕ್ಕೆ ಅಪ್ಪನ ಸ್ನೇಹಿತರು ಅವರನ್ನು ಲಿಬರಲ್ ಎನ್ನುತ್ತಿದ್ದರು. ಅಪ್ಪ ಆ ಮಾತನ್ನು ಮೆಡಲ್ಲಿನಂತೆ ತೊಟ್ಟುಕೊಂಡಿದ್ದರು. ‘ಲಿಬರ್ಟಿ ಈಸ್ ನಾಟ್ ಲೈಸೆನ್ಸ್, ಗರ್ಲ್ಸ್’ ಎಂದು ಸಿಸ್ಟರ್ ಹೇಳಿದ್ದನ್ನು ನಾನು ಬೈಹಾರ್ಟ್ ಮಾಡಿದೆ. ತಂಗಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳು ಮನೆ ಬಿಟ್ಟ ದಿನ ಅಪ್ಪ ಕೂಗಾಡಲಿಲ್ಲ. ‘ಅವಳಿಷ್ಟ. ಶಿ ಈಸ್ ಫ್ರೀ’ ಎಂದರು. ಆಮೇಲೆ ಸಾಯುವವರೆಗೂ ಅವಳ ಹೆಸರೆತ್ತಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು.

ನಾನೂ ಅವಳೂ ವರ್ಷಕ್ಕೆ ಒಂದೆರಡು ಸಲ ಮಳವಳ್ಳಿಯ ಹೋಟೆಲೊಂದರಲ್ಲಿ ಸೇರುತ್ತಿದ್ದೆವು. ನಾನು ಮದ್ದೂರಿನಲ್ಲಿ ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಅವಳು ಬ್ಲಫ್‌ನಿಂದ ಬಂದು ಫ್ಯಾನಿನ ಕೆಳಗಿನ ಟೇಬಲ್ ಹಿಡಿದಿರುತ್ತಿದ್ದಳು. ಕೊನೆಯ ಸಲ ಸಿಕ್ಕಾಗ ನಾನೇ ಕೇಳಿದೆ, ನೀನು ಮೊದಲು ಹೋದರೆ ಊರಮನೆಯಲ್ಲಿ ಎಡೆ ಇಡಿಸಲೇನೇ ಎಂದು. ದೋಸೆ ಮುರಿಯುತ್ತಲೇ ನಕ್ಕಳು.

“ಬ್ಯಾಡ ಕಣಕ್ಕಾ. ಅಲ್ಲಿ ಅಪ್ಪ ಕೂತಿರ್ತಾರೆ. ಸತ್ಮೇಲೂ ಪರ್ಮಿಷನ್ ಕೇಳ್ಬೇಕಾ ನಾನು? ಬದುಕಿದ್ದಾಗ ಬಾ ಅನ್ನದ ಮನೆ. ನಾ ಬರಾಕಿಲ್ಲ. ನೀನೂ ಕರೀಬ್ಯಾಡ, ಪ್ರಾಮಿಸ್ ಮಾಡು.”

ಅಷ್ಟರಲ್ಲಿ ಕಾಫಿ ಬಂತು. ನಾನು ಪ್ರಾಮಿಸ್ ಮಾಡಲಿಲ್ಲ.

ಹೋದ ಪಿತೃಪಕ್ಷಕ್ಕೆ ಊರಿಗೆ ಹೊರಟಾಗ, ಅವಳಿಗೊಂದು ಎಲೆ ಹಾಕಿಸಿಯೇ ಬರುವುದೆಂದೂ ಅವಳಾಡಿದ ಮಾತನ್ನು ಯಾರ ಮುಂದೆಯೂ ಬಾಯಿಬಿಡಬಾರದೆಂದೂ ನಿಶ್ಚಯಿಸಿಕೊಂಡಿದ್ದೆ. ಆ ಮನೆ ಈಗ ಅಣ್ಣನ ಮಗನದು. ಯಾರಾದರೂ ಕನ್ಸರ್ವೇಟಿವ್ ಎಂದರೆ ಎದೆ ಉಬ್ಬಿಸುವವನು. ಅವನ ಮಗಳು ಮೈಸೂರಿನಲ್ಲಿ ಲಾ ಓದುತ್ತಾಳೆ. ಅಪ್ಪನೊಡನೆ ವಾದ ಮಾಡದಿದ್ದರೆ ಅವಳಿಗೆ ಉಂಡದ್ದು ಅರಗುವುದಿಲ್ಲ. ಅವಳು ಒಲೆಯ ಮುಂದೆ ವಡೆ ಕರಿಯುತ್ತಿದ್ದಾಗ ನಾನು ಮೆಲ್ಲಗೆ ಮಾತು ತೆಗೆದೆ.

“ಕೊಟ್ಟ ಹೆಣ್ಣಿಗೆ ತವರಲ್ಲಿ ಎಡೆ ಇಕ್ಕಾಕಿಲ್ಲ ಅತ್ತೆ,” ಎಂದ ಅಣ್ಣನ ಮಗ. “ಅವ್ರನ್ನಂತೂ ನಾವ್ ಕೊಡ್ಲೂ ಇಲ್ಲ, ಅವ್ರೇ ಎದ್ದೋದ್ರು. ಅಲ್ಲಾ, ನೀವು ಎಡೆ ಗಿಡೆ ಎಲ್ಲಾ ಸೂಪರ್‌ಸ್ಟಿಶನ್ ಅಂತಿದ್ದೋರು, ಈಗೇನ್ ಇಂಗಂತೀರಿ?”

“ಅಪ್ಪ, ಇದು ಪ್ಯೂರ್ ಪೇಟ್ರಿಯಾರ್ಕಿ!”

“ಅದ್ಯಾವ ಆರ್ಕಿನೋ ಕಾಣೆ ಕಣಮ್ಮ, ಮೊದ್ಲು ವಡೆ ತಿರುವಾಕು, ಸೀದೋಯ್ತದೆ.”

ವಡೆ ಸೀದೇ ಹೋಯಿತು. ಇಬ್ಬರ ದನಿಯೂ ಏರಿತು. ಅವಳು ಸಮಾನತೆ ಎಂದಳು, ಅವನು ಹಿರಿಯರು ಹಾಕಿದ ಗೆರೆ ಎಂದ. ನಾನು ಕಣ್ಣೊರೆಸಿಕೊಂಡೆ. ನಾಟಕವೇನಲ್ಲ, ಆದರೆ ಅದು ಕೆಲಸ ಮಾಡುತ್ತದೆಂದು ಗೊತ್ತಿತ್ತು. ಅವನು ಸೋತ. “ಆಯ್ತು, ಆಕ್ಕಳಿ ಬುಡಿ. ಅತ್ತೆ ಅತ್ಕಂಡು ಓಗೋದ್ ಬ್ಯಾಡ.”

ನಡುಮನೆಯಲ್ಲಿ ಎಲೆಗಳ ಸಾಲು. ಸಾಲಿನ ಮೊದಲಿಗೆ ಅಪ್ಪನದು, ಪಕ್ಕದಲ್ಲಿ ಅವರ ಕನ್ನಡಕ ಮಡಿಸಿಟ್ಟಿತ್ತು. ಆಮೇಲೆ ಅವ್ವನದು, ಅಣ್ಣನದು. ಹುಡುಗಿ ಸಾಲಿನ ಕೊನೆಗೆ ಇನ್ನೊಂದು ಎಲೆ ಹಾಸಿ ನೀರು ಚಿಮುಕಿಸಿದಳು. ನನಗೆ ಬೇಕಾದದ್ದು ಆಗಿತ್ತು. ಆದರೆ ಆ ಎಲೆಯ ಮುಂದೆ ನನ್ನ ತಂಗಿ ಕೂತದ್ದು ಕಂಡಿತು. ತಲೆ ತಗ್ಗಿಸಿ, ಸೆರಗು ಹೊದ್ದು, ಅಪ್ಪ ಮೊದಲ ತುತ್ತು ತೆಗೆಯಲೆಂದು ಕಾಯುತ್ತ. ಬದುಕಿದ್ದಾಗ ಒಂದು ದಿನವೂ ಅವಳು ಹಾಗೆ ಕೂತವಳಲ್ಲ. ನಾನು ಕರೆದೆನೆಂದು ಬಂದುಬಿಟ್ಟಿದ್ದಳು.

“ತೆಗಿ ಮಗೂ. ಆ ಎಲೆ ಬೇಡ.”

“ನೋಡ್ದೇನಮ್ಮ?” ಎಂದ ಅಣ್ಣನ ಮಗ. “ಕಡೇಗೆ ಅತ್ತೇನೂ ನಮ್ ಪದ್ಧತಿಗೇ ಬಂದ್ರು.”

“ನಿನ್ನ ಪದ್ಧತಿಗಲ್ಲ ಕಣೋ. ಅವಳೇ ಬೇಡ ಅಂದಿದ್ಳು. ನಾನು ಮುಚ್ಚಿಟ್ಟಿದ್ದೆ.” ಮಳವಳ್ಳಿಯ ಮಾತನ್ನು ಹೇಳಿದೆ.

ಹುಡುಗಿಯ ಮುಖ ಸಣ್ಣದಾಯಿತು. “ಆದ್ರೂ ಅವ್ರಿಗೆ ನಾವು ಜಸ್ಟಿಸ್ ಕೊಡ್ಬೇಕಲ್ವಾ ಅಜ್ಜಿ?”

“ಕೊಡ್ಬೇಕು ಅನ್ನೋದು ನಮ್ಮಾಸೆ. ಅವಳನ್ನ ಯಾರು ಕೇಳಿದ್ರು? ಆಗ ನಮ್ಮಪ್ಪ ಕೇಳ್ಲಿಲ್ಲ, ಈಗ ನಾನೂ ಕೇಳ್ಲಿಲ್ಲ.”

ಸಾರಿನ ಪಾತ್ರೆ ಹಿಡಿದು ನಿಂತಿದ್ದ ಅಣ್ಣನ ಮಗನೇ ದನಿ ತಗ್ಗಿಸಿ ಕೇಳಿದ, “ಅಂಗಾರೆ ಅವ್ರಿಗೆ ಎಲ್ಲೂ ಎಡೆ ಇಲ್ವಾ ಅತ್ತೆ?”

“ಎಲ್ಲೂ ಇಲ್ಲ.”

ಹೇಳಿದ ಮೇಲೆ ನನಗೇ ಅಂಜಿಕೆಯಾಯಿತು. ಇಷ್ಟು ವರ್ಷ ಲಿಬರ್ಟಿ ಎಂದರೆ ತೆರೆದ ಕಿಟಕಿ, ಬೆಳಕು ಎಂದುಕೊಂಡಿದ್ದೆ. ಅದು ಕಾಯುವವರಿಲ್ಲದ ಬಯಲೂ ಹೌದೆಂದು ಯಾವ ಸಿಸ್ಟರೂ ಹೇಳಿರಲಿಲ್ಲ. ತಂಗಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಅದನ್ನು ಕೇಳಿಕೊಂಡಿದ್ದಳು.

ಎಲೆಯನ್ನು ನಾನೇ ಬಗ್ಗಿ ಎತ್ತಿಕೊಂಡೆ. ಉಳಿದವಕ್ಕೆ ಬಡಿಸಿದರು, ಬಾಗಿಲು ಮುಚ್ಚಿದರು. ಎಲ್ಲರೂ ಜಗಲಿಯಲ್ಲಿ ಕೂತೆವು. ಒಳಗೆ ನನ್ನವರು ಉಣ್ಣುತ್ತಿದ್ದರು. ಮಡಿಲಲ್ಲಿದ್ದ ಹಸಿ ಎಲೆಯಿಂದ ನೀರಿಳಿದು ಸೀರೆ ಒದ್ದೆಯಾಗುತ್ತಿತ್ತು. “ಕೊಡಿ ಅಜ್ಜಿ, ಹಸೂಗೆ ಹಾಕ್ತೀನಿ” ಎಂದಳು ಹುಡುಗಿ. ಕೊಡುತ್ತೇನೆ, ಸ್ವಲ್ಪ ತಾಳು ಎಂದೆ.