ಶಿಡ್ಲಘಟ್ಟದ ಕಳ್ಳಗಂಟೆ

ಮನುಷ್ಯನ ಕೈಮೂಳೆ ಮುರಿಯುವ ಸದ್ದನ್ನು ನಾನು ಜೀವನದಲ್ಲಿ ಒಂದೇ ಸಲ ಕೇಳಿದ್ದೇನೆ. ಒಣಗಿದ ಹಿಪ್ಪುನೇರಳೆ ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಮುರಿದರೆ ಆಗುತ್ತದಲ್ಲ, ಅಂಥ ಸದ್ದು. ಅದು ಆದದ್ದು ಶಿಡ್ಲಘಟ್ಟದ ಒಂದು ಜವಳಿ ಅಂಗಡಿಯ ಬಾಗಿಲಲ್ಲಿ, ಹಾಡಹಗಲಲ್ಲಿ, ಇಪ್ಪತ್ತು ಮೂವತ್ತು ಜನ ನೋಡುತ್ತಿರುವಾಗ. ಆ ಬಾಗಿಲಿಗೆ ಯಂತ್ರ ಕೂರಿಸಿದವನು ನಾನು.

ಅರವತ್ತರ ದಶಕದ ಮಾತು. ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿಯಿತ್ತು. ಅದಕ್ಕೆ ಮುಂಚೆ ಕೆಲವು ವರ್ಷ ಬೆಂಗಳೂರಿನಲ್ಲಿ, ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಬಿಚ್ಚಿ ಮಾರುವವರೊಬ್ಬರ ಹತ್ತಿರ ಕೆಲಸ ಮಾಡಿದ್ದೆ. ಅಲ್ಲಿಂದ ಬರುವಾಗ ಯಾರಿಗೂ ಬೇಡವಾಗಿದ್ದ ಒಂದು ಯಂತ್ರವನ್ನು ತಂದಿದ್ದೆ. ಯುದ್ಧದಲ್ಲಿ ಶತ್ರುಗಳು ನೆಲದಲ್ಲಿ ಹೂತಿಟ್ಟ ಬಾಂಬುಗಳನ್ನು ಹುಡುಕುವ ಯಂತ್ರ. ತಂತಿ ಸುತ್ತಿದ ಒಂದು ಬಳೆ, ಗಾಜಿನ ವಾಲ್ವುಗಳಿರುವ ಒಂದು ಪೆಟ್ಟಿಗೆ, ಅಷ್ಟೇ. ಆ ಬಳೆಯ ಹತ್ತಿರ ಲೋಹ ಬಂದರೆ ಪೆಟ್ಟಿಗೆ ಕೂಗುತ್ತಿತ್ತು.

ಶಿಡ್ಲಘಟ್ಟದ ಜವಳಿ ಅಂಗಡಿಯ ಯಜಮಾನರು ತಮ್ಮ ರೇಡಿಯೋ ರಿಪೇರಿಗೆ ತಂದಾಗ ಆ ಪೆಟ್ಟಿಗೆ ನೋಡಿ ಅದೇನೆಂದು ಕೇಳಿದರು. ಹೇಳಿದೆ. ಅವರು ತಂತಿಯ ಬಳೆಯನ್ನು ಮುಟ್ಟಿ ನೋಡಿ, "ಹಂಗಾರೆ ಸೀರೇಲಿ ತಗಡು ಇಟ್ರೆ ಅದನ್ನೂ ಹಿಡೀತದಾ?" ಅಂದರು.

ಮದುವೆಯ ಕಾಲದಲ್ಲಿ ಅವರ ಅಂಗಡಿಯಲ್ಲಿ ರೇಷ್ಮೆ ಸೀರೆ ಕಳುವಾಗುತ್ತಿದ್ದವಂತೆ. ಜನ ಗುಂಪಾಗಿ ಬಂದು ಹತ್ತು ಸೀರೆ ಬಿಚ್ಚಿಸಿ ನೋಡುವಾಗ ಒಂದು ಸೆರಗಿನಡಿ ಹೋದರೆ ತಿಳಿಯುತ್ತಿರಲಿಲ್ಲ. ಬಾಗಿಲು ಕಾಯಲು ಒಬ್ಬ ಗರಡಿ ಪೈಲ್ವಾನನನ್ನು ಇಟ್ಟಿದ್ದರು. ಆದರೂ ಕಳವು ನಿಂತಿರಲಿಲ್ಲ.

ನನಗೆ ಹುರುಪು ಬಂತು. ಯಂತ್ರದ ಬಳೆ ಬಿಚ್ಚಿ ದೊಡ್ಡದಾಗಿ ಸುತ್ತಿದೆ. ಬಾಗಿಲಿನ ಎರಡೂ ಪಕ್ಕ ಮರದ ಚೌಕಟ್ಟು ಮಾಡಿಸಿ ತಂತಿಯನ್ನು ಅದರೊಳಗೆ ಅಡಗಿಸಿದೆ. ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗುವಷ್ಟು ದಾರಿ ಬಿಟ್ಟೆವು. ಪ್ರತಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಅಂಗೈಯಗಲದ ತಗಡು ಇಟ್ಟು ಹೊಲಿಗೆ ಹಾಕಿದೆವು. ಕೊಂಡವರ ಸೀರೆಯಿಂದ ಗಲ್ಲಾದಲ್ಲೇ ಅದನ್ನು ಬಿಚ್ಚಿ ತೆಗೆಯುವುದು. ತಗಡು ಬಾಗಿಲು ದಾಟಿದರೆ ಪೆಟ್ಟಿಗೆಗೆ ಜೋಡಿಸಿದ ಗಂಟೆ ಹೊಡೆಯುವುದು. ಕೊಡ, ಕುಡುಗೋಲು ತಂದವರು ಜಗಲಿಯ ಮೇಲಿಟ್ಟು ಒಳಗೆ ಬರಬೇಕು. ಕಾಲುಂಗುರ, ಗೆಜ್ಜೆಗೆ ಹೊಡೆಯದಂತೆ ತಿರುಪನ್ನು ಸಡಿಲವಾಗಿಟ್ಟಿದ್ದೆ. ಊರಿನವರು ಅದಕ್ಕೆ ಕಳ್ಳಗಂಟೆ ಅಂತ ಹೆಸರಿಟ್ಟರು.

ಎರಡನೆಯ ವಾರವೇ ಅದು ಒಬ್ಬನನ್ನು ಹಿಡಿಯಿತು. ಕೋಟಿನೊಳಗೆ ಎರಡು ಸೀರೆ ಸುತ್ತಿಕೊಂಡಿದ್ದ, ನಿಜವಾದ ಕಳ್ಳ. ಪೈಲ್ವಾನ ಅವನನ್ನು ಬೀದಿಗೆಳೆದು, ದೀಪದ ಕಂಬಕ್ಕೆ ಅವನದೇ ಪಂಚೆಯಿಂದ ಕಟ್ಟಿ ಹೊಡೆದ. ದಾರಿಯಲ್ಲಿ ಹೋಗುವವರೂ ನಿಂತು ಒಂದೊಂದು ಏಟು ಹಾಕಿ ಹೋದರು. ಅವನ ಒಂದು ಕಣ್ಣು ಊದಿ ಮುಚ್ಚಿಕೊಂಡಿತು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದೆ. ಯಜಮಾನರು ನನ್ನ ಬೆನ್ನು ತಟ್ಟಿ, "ಭೇಷ್ ಕಣಪ್ಪ" ಅಂದರು. ಆ ಮನುಷ್ಯನನ್ನು ನೋಡಿ ನನಗೆ ಅಯ್ಯೋ ಅನ್ನಿಸಿತೇ ಎಂದು ಈಗ ನೆನಪು ಮಾಡಿಕೊಳ್ಳುತ್ತೇನೆ. ಅನ್ನಿಸಲಿಲ್ಲ. ನನ್ನ ಯಂತ್ರ ಕೆಲಸ ಮಾಡಿತು ಅನ್ನಿಸಿತು.

ಸುದ್ದಿ ಹಬ್ಬಿತು. ಚಿಂತಾಮಣಿಯ ಒಬ್ಬರು, ಗೌರಿಬಿದನೂರಿನ ಒಬ್ಬರು ತಮ್ಮ ಅಂಗಡಿಗೂ ಬೇಕೆಂದು ಹೇಳಿ ಕಳಿಸಿದರು. ಅಷ್ಟರಲ್ಲಿ ಶಿಡ್ಲಘಟ್ಟದ ಯಜಮಾನರು ತಗಡನ್ನು ಸಣ್ಣದು ಮಾಡಬೇಕೆಂದು ಹಟ ಹಿಡಿದರು. ದೊಡ್ಡ ತಗಡು ಕೈಗೆ ಸಿಗುತ್ತದೆ, ಕಳ್ಳರು ಕಿತ್ತೆಸೆಯುತ್ತಾರೆ ಎಂದು ಅವರ ವಾದ. ತಗಡು ಸಣ್ಣದಾದರೆ ಯಂತ್ರದ ತಿರುಪು ಬಿಗಿ ಮಾಡಬೇಕು. ಗೆಜ್ಜೆ, ಕಾಲುಂಗುರಕ್ಕೆ ಹೊಡೆಯದ ಮಟ್ಟಿಗೆ ಬಿಗಿ ಮಾಡಿದೆ.

ಹಾಗೆ ಬಿಗಿ ಮಾಡಿದ ದಿನ ಬಾಗಿಲಲ್ಲಿ ಯಾರೂ ಇಲ್ಲದಾಗ ಗಂಟೆ ಒಮ್ಮೆ ತಾನಾಗಿ ಹೊಡೆಯಿತು. ತಲೆಯೆತ್ತಿ ನೋಡಿದೆ. ಬಲ್ಬು ಮಂಕಾಗಿ ಮತ್ತೆ ಬೆಳಗಿತು. ಅಂಗಡಿಯ ಹಿಂದಿನ ಬೀದಿಯಲ್ಲಿ ಅಕ್ಕಿ ಗಿರಣಿಯಿತ್ತು. ಅದರ ದೊಡ್ಡ ಮೋಟಾರು ಶುರುವಾದಾಗ ಕರೆಂಟು ಕುಗ್ಗುತ್ತಿತ್ತು. ಕುಗ್ಗಿದಾಗ ನನ್ನ ಪೆಟ್ಟಿಗೆ ತಲೆಕೆಟ್ಟು, ಲೋಹ ಬಂದಿದೆಯೆಂದು ತಿಳಿಯುತ್ತಿತ್ತು. ಯಜಮಾನರು ಊಟಕ್ಕೆ ಹೋಗಿದ್ದರು, ಪೈಲ್ವಾನ ಜಗಲಿಯ ಮೇಲೆ ಮಲಗಿದ್ದ. ನಾನೊಬ್ಬನೇ ಕಂಡದ್ದು. ಹೇಳಲಿಲ್ಲ. ಬೆಂಗಳೂರಿನಿಂದ ಕರೆಂಟು ಸರಿಪಡಿಸುವ ಟ್ರಾನ್ಸ್‌ಫಾರ್ಮರ್ ತಂದು ಹಾಕಿದರೆ ಸರಿಹೋಗುತ್ತದೆ, ಅಲ್ಲಿಯವರೆಗೆ ಏನಾದೀತು ಅಂದುಕೊಂಡೆ.

ಒಂಬತ್ತು ದಿನ ಕಳೆದು ಟ್ರಾನ್ಸ್‌ಫಾರ್ಮರ್ ಹಿಡಿದುಕೊಂಡು ಸಣ್ಣ ರೈಲಿನಲ್ಲಿ ಶಿಡ್ಲಘಟ್ಟಕ್ಕೆ ಬಂದೆ. ಬಾಗಿಲ ಪಕ್ಕದ ಮೂಲೆಯಲ್ಲಿ ಕೂತು ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಿದ್ದೆ. ಗಲ್ಲಾದಲ್ಲಿ ಗಂಡ ಹೆಂಡತಿ ಇಬ್ಬರು ನಿಂತಿದ್ದರು. ಕೆಂಚಾರ್ಲಹಳ್ಳಿ ಕಡೆಯವರು. ಗಂಡ ಪ್ರೈಮರಿ ಶಾಲೆಯ ಮೇಷ್ಟ್ರು, ಬಿಳಿ ಷರಟು, ಜೇಬಿನಲ್ಲಿ ಪೆನ್ನು. ತಂಗಿಯ ಮದುವೆಗೆ ರೇಷ್ಮೆ ಸೀರೆ ತೆಗೆದುಕೊಂಡಿದ್ದರು. ಸೀರೆ ತೋರಿಸಿದ ಗುಮಾಸ್ತ ಅವರಿಗೆ ಯಾವ ಊರು, ಊರಲ್ಲಿ ಯಾವ ಬೀದಿ ಎಂದು ಕೇಳಿದ್ದ. ಮೇಷ್ಟ್ರು ಮುಚ್ಚಿಡದೆ ತಮ್ಮ ಕೇರಿಯ ಹೆಸರು ಹೇಳಿದ್ದರು. ಆಮೇಲೆ ಗುಮಾಸ್ತ ಸೀರೆಗಳನ್ನು ಅವರ ಕೈಗೆ ಕೊಡದೆ ದೂರದಿಂದ ಹಾಸಿ ತೋರಿಸಿದ. ಅದನ್ನೂ ನಾನು ಕಂಡಿದ್ದೆ.

ಅವರು ಬಿಲ್ಲು ಮಾಡಿಸಿಕೊಂಡು, ಗಂಟು ಹಿಡಿದು ಬಾಗಿಲಿಗೆ ಬಂದರು. ಹೆಂಡತಿ ದಾಟಿದಳು. ಮೇಷ್ಟ್ರು ಚೌಕಟ್ಟಿನ ನಡುವೆ ಇದ್ದಾಗ ಹಿಂದಿನ ಬೀದಿಯಲ್ಲಿ ಗಿರಣಿ ಗುರ್ ಅಂದಿತು. ಬಲ್ಬು ಮಂಕಾಯಿತು. ಗಂಟೆ ಹೊಡೆಯಿತು.

"ದೊಂಗ! ದೊಂಗ!" ಕಳ್ಳ, ಕಳ್ಳ ಎಂದು ಪೈಲ್ವಾನ ತನ್ನ ತೆಲುಗಿನಲ್ಲಿ ಕೂಗಿ ಎದ್ದ.

ಮೇಷ್ಟ್ರು ತಿರುಗಿ ನಿಂತು, "ಯಾಕಪ್ಪ? ಬಿಲ್ಲು ಐತಲ್ಲ, ನೋಡು" ಎಂದು ಬಲಗೈ ಎತ್ತಿ ಕಾಗದ ತೋರಿಸಿದರು. ಪೈಲ್ವಾನನ ಕೈಯಲ್ಲಿ ಬಟ್ಟೆ ಅಳೆಯುವ ಕಬ್ಬಿಣದ ಗಜವಿತ್ತು. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದು ಕಿವಿಯ ಮೇಲೆ. ಮೂರನೆಯದು ಬಿಲ್ಲು ಹಿಡಿದ ಕೈಗೆ. ಆಗ ಆ ಸದ್ದು ಕೇಳಿತು.

ಗಂಟೆ ಸುಳ್ಳು ಎಂದು ನನಗೆ ಮೊದಲ ಏಟಿಗೂ ಮುಂಚೆಯೇ ಗೊತ್ತಿತ್ತು. ಸ್ಕ್ರೂಡ್ರೈವರ್ ಕೈಯಲ್ಲಿತ್ತು, ಪೆಟ್ಟಿಗೆ ಮಡಿಲಲ್ಲಿತ್ತು. ಆದರೂ ಬಾಯಿ ತೆರೆಯಲಿಲ್ಲ. ಯಜಮಾನರ ಮುಖ, ಚಿಂತಾಮಣಿ, ಗೌರಿಬಿದನೂರು, ನನ್ನ ಹೆಸರು, ಎಲ್ಲ ಒಟ್ಟಿಗೆ ತಲೆಗೆ ಬಂದವು. ಮೇಷ್ಟ್ರು ಬೀಳುವಾಗ ನನ್ನ ಕಡೆಗೆ ನೋಡಿದರು. ನಾನು ಕಣ್ಣು ತಗ್ಗಿಸಿದೆ.

ಅಷ್ಟರಲ್ಲಿ ಜನ ಸೇರಿದರು. "ಕೇರಿಯವನು ರೇಷ್ಮೆ ಸೀರೆ ತಗಳಕ್ಕೆ ಬಂದವ್ನಂತೆ, ಹಾಕ್ರೋ" ಎಂದು ಯಾರೋ ಅಂದರು. ಒದೆ ಬೀಳತೊಡಗಿತು. ಹೊಟ್ಟೆಗೆ, ಬೆನ್ನಿಗೆ, ಮುರಿದ ಕೈಗೆ. ಕನ್ನಡಕ ಚೂರಾಯಿತು. ಗುಮಾಸ್ತ ಹೆಂಡತಿಯ ಸೆರಗಿಗೆ ಕೈ ಹಾಕಿ, "ಇವಳ ಹತ್ರ ಇರ್ತದೆ ನೋಡ್ರಿ" ಎಂದು ಎಳೆದ. ಆಕೆ ಕೂಗಲಿಲ್ಲ. ಅವನ ಕೈ ಕಚ್ಚಿ ಬಿಡಿಸಿಕೊಂಡಳು. ಗಂಡನ ಮೇಲೆ ಬಾಗಿದ್ದ ಪೈಲ್ವಾನ ಗಜವನ್ನು ಕೆಳಗೆ ಹಾಕಿ ಗಂಟು ಬಿಚ್ಚುತ್ತಿದ್ದ. ಆಕೆ ಅದೇ ಗಜವನ್ನೆತ್ತಿಕೊಂಡು ಎರಡೂ ಕೈಯಿಂದ ಅವನ ನೆತ್ತಿಗೆ ಬಾರಿಸಿದಳು. ರಕ್ತ ಅವನ ಹುಬ್ಬಿನ ಮೇಲೆ ಹರಿದು ಹೊಸ ಸೀರೆಯ ಮೇಲೆ ಬಿತ್ತು. ಮತ್ತೆ ಎತ್ತಿದಳು. ಜನ ಹಿಂದಕ್ಕೆ ಸರಿದರು.

"ಬನ್ರೋ" ಅಂದಳು. "ಇನ್ನ್ಯಾರು ಮುಟ್ತೀರ ಬನ್ರೋ."

ಆಗ ನನಗೆ ದನಿ ಬಂತು. ಪೆಟ್ಟಿಗೆಯ ತಂತಿಗಳನ್ನು ಕೈಯಲ್ಲೇ ಕಿತ್ತೆ. ಶಾಕ್ ಹೊಡೆದು ಗೋಡೆಗೆ ಬಿದ್ದೆ. ಎದ್ದು ಹೋಗಿ ನಡುವೆ ನಿಂತು, "ಅವರು ಕದ್ದಿಲ್ಲ! ಗಿರಣಿ ಮೋಟಾರಿಗೆ ಗಂಟೆ ಹೊಡೀತದೆ! ನನ್ನ ಯಂತ್ರಾನೇ ಕೆಟ್ಟಿದೆ!" ಎಂದು ಕೂಗಿದೆ. ಪೈಲ್ವಾನ ರಕ್ತದಲ್ಲಿ ಕಣ್ಣು ಕಾಣದೆ ನನ್ನ ಮೂಗಿಗೇ ಗುದ್ದಿದ.

ಮೇಷ್ಟ್ರನ್ನು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದೆವು. ಸಂಜೆ ಯಜಮಾನರು ನನ್ನನ್ನು ಒಳಗೆ ಕರೆದರು. ಅವರು ಕೂಗಾಡಲಿಲ್ಲ. "ಗಂಟಲ್ಲಿ ಬಿಲ್ಲಿಲ್ಲದ ಇನ್ನೊಂದು ಸೀರೆ ಸಿಕ್ತು, ಅದ್ರಲ್ಲಿ ತಗಡಿತ್ತು ಅಂತ ಹೇಳ್ಬಿಡಪ್ಪ. ಆ ಹೆಂಗಸು ಪೈಲ್ವಾನನ ತಲೆ ಒಡೆದವ್ಳೆ, ಕೇಸು ಅವಳ ಮೇಲೇ ಹೋಗ್ತದೆ. ನಿಂಗೂ ಒಳ್ಳೇದು, ನಂಗೂ ಒಳ್ಳೇದು" ಅಂದರು.

"ಆಗಲ್ಲ ಯಜಮಾನ್ರೇ" ಅಂದೆ.

ಮಾರನೆಯ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್ ಬಂದರು. ನಾನು ತಂತಿಗಳನ್ನು ಮತ್ತೆ ಜೋಡಿಸಿದೆ. ಬಾಗಿಲಲ್ಲಿ ಯಾರೂ ನಿಲ್ಲಬಾರದು ಎಂದೆ. ಪೊಲೀಸಿನವನೊಬ್ಬ ಗಿರಣಿಗೆ ಹೋಗಿ ಮೋಟಾರು ಹಾಕಿಸಿದ. ಖಾಲಿ ಬಾಗಿಲಲ್ಲಿ ಗಂಟೆ ಹೊಡೆಯಿತು. ನಿಲ್ಲಿಸಿ ಮತ್ತೆ ಹಾಕಿಸಿದರು. ಮತ್ತೆ ಹೊಡೆಯಿತು.

ಇನ್ಸ್‌ಪೆಕ್ಟರ್ ನನ್ನನ್ನೇ ನೋಡಿ, "ಇದು ನಿಂಗೆ ಯಾವಾಗಿಂದ ಗೊತ್ತು?" ಎಂದು ಕೇಳಿದರು.

"ಹತ್ತು ದಿನದಿಂದ, ಸಾರ್."

ಅವರು ಕೈ ಬೀಸಿ ನನ್ನ ಕೆನ್ನೆಗೆ ಹೊಡೆದರು. ಆಮೇಲೆ ಕೂತು ಹೇಳಿಕೆ ಬರೆದುಕೊಂಡರು.

ಆ ಹೇಳಿಕೆಯಿಂದ ಹೆಂಗಸಿನ ಮೇಲಿನ ದೂರು ಬಿದ್ದುಹೋಯಿತು. ಆದರೆ ಯಜಮಾನರ ಮೇಲೂ ಏನೂ ಆಗಲಿಲ್ಲ. ಊರಿನ ದೊಡ್ಡವರು ಕೂತು ರಾಜಿ ಮಾಡಿಸಿದರು. ತಪ್ಪೆಲ್ಲ ಪೈಲ್ವಾನನದು ಎಂದು ಅವನನ್ನು ಕೆಲಸದಿಂದ ತೆಗೆದರು. ಗುಮಾಸ್ತ ಅಲ್ಲೇ ಉಳಿದ.

ನಾನು ಯಂತ್ರ ಬಿಚ್ಚಿಕೊಂಡು ರೈಲಿಗೆ ಹೋದ ದಿನ, ಸ್ಟೇಷನ್ನಿನ ಹುಣಸೆಮರದ ಹತ್ತಿರ ಮೂವರು ಅಡ್ಡ ನಿಂತರು. ಯಾರ ಕಡೆಯವರೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಎತ್ತಿ ಹಾಕಿದರು. ವಾಲ್ವುಗಳು ಪಟಪಟ ಒಡೆದವು. ಆಮೇಲೆ ನನ್ನನ್ನು ಕೆಡವಿ ಹೊಡೆದರು. ಎರಡು ಹಲ್ಲು ಹೋದವು, ಒಂದು ಪಕ್ಕೆಲುಬು ಬಿರುಕು ಬಿಟ್ಟಿತು. ಅವರಲ್ಲಿ ಒಬ್ಬ ಹೊಡೆಯುತ್ತ ಹೊಡೆಯುತ್ತ, "ಅನ್ನ ಹಾಕ್ದೋರಿಗೇ ಎರಡು ಬಗೀತೀಯೇನೋ" ಅನ್ನುತ್ತಿದ್ದ. ರೈಲು ಬಂದಾಗ ಅವರೇ ನನ್ನನ್ನೆತ್ತಿ ಡಬ್ಬಿಯೊಳಗೆ ತಳ್ಳಿದರು.

ಚಿಂತಾಮಣಿಗೂ ಗೌರಿಬಿದನೂರಿಗೂ ಆಗುವುದಿಲ್ಲವೆಂದು ಕಾಗದ ಬರೆದೆ. ಚಿಕ್ಕಬಳ್ಳಾಪುರದಲ್ಲಿ ಮಾತ್ರ ನನ್ನ ವಿಷಯ ಬೇರೆಯೇ ಆಗಿ ಹಬ್ಬಿತ್ತು. ಬಡವರ ಪರವಾಗಿ ನಿಂತು ಹೊಡೆಸಿಕೊಂಡವನು ಎಂದು ಜನ ಅಂಗಡಿಗೆ ಬಂದು ಮಾತಾಡಿಸುತ್ತಿದ್ದರು. ನಾನು ಇಲ್ಲವೆನ್ನಲಿಲ್ಲ. ಕೆಲವು ತಿಂಗಳಾದ ಮೇಲೆ ಹಾಗೆ ಸುಮ್ಮನಿರುವುದು ಕಷ್ಟವಾಯಿತು. ಬಸ್ಸು ಹಿಡಿದು ಕೆಂಚಾರ್ಲಹಳ್ಳಿ ಕಡೆಗೆ ಹೋದೆ.

ಮೇಷ್ಟ್ರು ಶಾಲೆ ಮುಗಿಸಿ ಮನೆಗೆ ಬಂದಿದ್ದರು. ಬಲಗೈ ಮೊಣಕೈಯಿಂದ ಕೆಳಗೆ ಸೊಟ್ಟಗೆ ಕೂಡಿಕೊಂಡಿತ್ತು. ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದರು. ಜಗಲಿಯ ಮೇಲೆ ಮಕ್ಕಳು ಕಾಪಿ ಬರೆಯುವಂಥ ಪುಸ್ತಕ ತೆರೆದಿತ್ತು, ಅದರ ತುಂಬ ದೊಡ್ಡ ದೊಡ್ಡ ಅಕ್ಷರಗಳು. ನನ್ನನ್ನು ಕೂರಿಸಿದರು. ತಂಗಿಯ ಮದುವೆ ಆಯಿತೆಂದೂ, ಸೀರೆ ಮಾತ್ರ ಬೇರೆ ಕೊಂಡೆವೆಂದೂ ಹೇಳಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ತಡೆದರು.

"ಎಲ್ರೂ ಹೇಳ್ತಾರೆ, ನೀವು ಎದ್ದು ನಿಂತು ನಿಜ ಹೇಳಿದ್ರಿ ಅಂತ. ಅದು ಸುಳ್ಳಲ್ಲ. ನೀವು ಹೇಳದೆ ಇದ್ದಿದ್ರೆ ಇವಳು ಜೈಲಿಗೆ ಹೋಗೋಳು. ಆದ್ರೆ ನೀವು ಯಾವಾಗ ಹೇಳಿದ್ರಿ ಅನ್ನೋದು ನಂಗೆ ಗೊತ್ತು. ನಾನು ನಿಮ್ಮ ಮುಖ ನೋಡ್ತಾ ಇದ್ದೆ."

"ಹೌದು ಮೇಷ್ಟ್ರೇ" ಅಂದೆ.

"ಒದೀತಿದ್ದೋರಿಗೆ ನಾನು ಕಳ್ಳ. ನಿಮಗೆ ನಾನು ಕಳ್ಳ ಅಲ್ಲ ಅಂತ ಗೊತ್ತಿತ್ತು. ರಾತ್ರಿ ಮಲಗಿದಾಗ ನಂಗೆ ಪೈಲ್ವಾನ ಕಾಣಲ್ಲ ಸ್ವಾಮಿ. ನೀವು ಕಾಣ್ತೀರ."

ಅವರು ದನಿ ಏರಿಸಿರಲಿಲ್ಲ. ಪಾಠ ಹೇಳುವವರ ಹಾಗೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ಹಲ್ಲು ಹೋದದ್ದನ್ನು, ಪಕ್ಕೆಲುಬನ್ನು ಹೇಳಿಕೊಳ್ಳೋಣವೆಂದು ಬಂದಿದ್ದೆನೇನೋ, ಅವೆಲ್ಲ ಬಾಯಿಗೆ ಬರಲಿಲ್ಲ.

ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಚಿಂತಾಮಣಿ ಬಸ್ಸು ಈಗ ಬರ್ತದೆ. ಅದು ಹೋದ್ರೆ ಇವತ್ತಿಗೆ ಇನ್ನಿಲ್ಲ. ಹೊರಡಿ" ಅಂದಳು.

ಎದ್ದು ಕೈ ಮುಗಿದೆ. ಮೇಷ್ಟ್ರು ಎಡಗೈಯನ್ನು ಸ್ವಲ್ಪ ಎತ್ತಿದರು. ಹೊಲದ ಬದುವಿನ ಮೇಲೆ ಓಡಿ ರಸ್ತೆಗೆ ಬರುವಷ್ಟರಲ್ಲಿ ಬಸ್ಸು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಹತ್ತಿ ನಿಂತೆ. ಕೂರಲು ಜಾಗವಿದ್ದರೂ ಚಿಂತಾಮಣಿಯವರೆಗೆ ನಿಂತೇ ಇದ್ದೆ.